ಶಿವಮೊಗ್ಗದಲ್ಲಿ ಇಳಿಯುವುದಕ್ಕೆ ಕಾರಣಗಳು

‘ನಿಮ್ಮ ಊರು ನಿಮಗೆ ಏಕೆ ಇಷ್ಟ, ಹೊರಗಿನವರು ಅಲ್ಲಿಗೆ ಏಕೆ ಬರಬೇಕು?’ ಎಂದು ಕಳೆದ ತಿಂಗಳು ಈ ಅಂಕಣದಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಶಿವಮೊಗ್ಗ ಮತ್ತು ಅದರ ಸುತ್ತಣ ಮಲೆನಾಡಿಗೆ ಸಂಬಂಧಿಸಿದವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದ ಕೋಟೆ ರಸ್ತೆಗೆ ಅಂಟಿಕೊಂಡ ಒಂದು ಓಣಿಯಲ್ಲಿ. ಉತ್ತರಗಳಲ್ಲಿ ಪಕ್ಷಪಾತ ಕಂಡರೆ ಓದುಗರು ಮನ್ನಿಸಬೇಕು.

ಪ್ರಶ್ನೆ: ನನ್ನ ತವರು ಶಿವಮೊಗ್ಗ. ಮದುವೆಯಾಗಿ ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ಕಾಲೇಜಿಗೆ ಹೋಗುವ ಮಗ, ‘ನಿಮ್ಮೂರಲ್ಲಿ ನೋಡುವಂಥದ್ದು ಏನಿದೆ ಅಮ್ಮ? ಜೋಗಕ್ಕೆ ಹೋಗುವವರು ಬಸ್ಸು ಬದಲಿಸುವ ಊರು ತಾನೆ?’ ಎನ್ನುತ್ತಾನೆ. ಅವನಿಗೆ ಏನು ಹೇಳಲಿ?
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡೋಣ ತಾಯಿ. ಮೈಸೂರಿನಂಥ ಅರಮನೆಯಾಗಲಿ, ಹಂಪಿಯಂಥ ಹಾಳುಪಟ್ಟಣವಾಗಲಿ ಶಿವಮೊಗ್ಗ ಪೇಟೆಯೊಳಗಿಲ್ಲ. ಆದರೆ ಅಷ್ಟೊಂದು ಜನ ಇದೇ ಊರಿನಲ್ಲಿ ಏಕೆ ಬಸ್ಸು ಬದಲಿಸುತ್ತಾರೆ ಎಂದು ಅವನನ್ನು ಒಮ್ಮೆ ತಿರುಗಿ ಕೇಳಿ. ಪೂರ್ವಕ್ಕೆ ಹೊರಟ ಬಸ್ಸು ಹೊಳೆಹೊನ್ನೂರು, ಚನ್ನಗಿರಿಗಳ ಬಯಲಿಗೆ ಇಳಿಯುತ್ತದೆ. ಪಶ್ಚಿಮಕ್ಕೆ ಹೊರಟದ್ದು ಗಾಜನೂರಿನ ಹಿನ್ನೀರನ್ನು ದಾಟುತ್ತಿದ್ದಂತೆ ಮರಗಳ ನೆರಳಿನೊಳಗೆ ನುಗ್ಗುತ್ತದೆ. ಪೇಟೆಯಲ್ಲಿ ವರ್ಷಕ್ಕೆ 1,000 ಮಿ.ಮೀ. ಆಸುಪಾಸಿನಲ್ಲಿ ಸುರಿಯುವ ಮಳೆ, ಅಲ್ಲಿಂದ ಸುಮಾರು 90 ಕಿ.ಮೀ. ದೂರದ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಗೆರೆಯ ಮೇಲೆಯೇ ಊರು ಕುಳಿತಿದೆ. ಶಿವಮೊಗ್ಗವನ್ನು ಮೆಚ್ಚುವುದಕ್ಕೆ ನನ್ನ ಮಟ್ಟಿಗೆ ಇದೊಂದೇ ಮುಖ್ಯ ಕಾರಣ; ಉಳಿದವೆಲ್ಲ ಇದರಿಂದಲೇ ಹುಟ್ಟಿದವು.

ಇದನ್ನು ಕಣ್ಣಾರೆ ಕಾಣಬೇಕಾದರೆ ಜುಲೈ ತಿಂಗಳಲ್ಲಿ ಬರಬೇಕು. ಕೋರ್ಪಲಯ್ಯನ ಛತ್ರದ ಬಳಿ ತುಂಗೆಯ ಪಾತ್ರದೊಳಗೆ ಒಂದು ಕಲ್ಲಿನ ಮಂಟಪವಿರುವುದು ನಿಮಗೆ ನೆನಪಿದ್ದೇ ಇರುತ್ತದೆ. ಬೇಸಿಗೆಯಲ್ಲಿ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಪುನರ್ವಸು, ಪುಷ್ಯ ಮಳೆಗಳು ಹಿಡಿದವೆಂದರೆ ಮಾತ್ರ ಹಾಲಿನವರು, ಪೇಪರಿನವರು, ಬ್ಯಾಂಕಿನ ಗುಮಾಸ್ತರು ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಮಂಟಪ ಮುಳುಗಿತಾ?’ ಸೋಜಿಗವೆಂದರೆ, ಆ ಹೊತ್ತಿನಲ್ಲಿ ಪೇಟೆಯಲ್ಲಿ ಜಿನುಗುಮಳೆ ಮಾತ್ರ ಇರಬಹುದು, ಕೆಲವೊಮ್ಮೆ ಎಳೆಬಿಸಿಲೂ ಇರಬಹುದು. ಮಂಟಪವನ್ನು ಮುಳುಗಿಸುವ ನೀರು ನಮ್ಮ ಆಕಾಶದಿಂದ ಬಿದ್ದದ್ದಲ್ಲ; ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು, ದಾರಿಯುದ್ದಕ್ಕೂ ಹಳ್ಳಗಳನ್ನು ಕೂಡಿಸಿಕೊಂಡು ಬಂದದ್ದು. ಘಟ್ಟದ ಮೇಲೆ ಎಷ್ಟು ಸುರಿದಿದೆ ಎಂಬುದನ್ನು ಒಣ ಚಪ್ಪಲಿ ಮೆಟ್ಟಿಕೊಂಡೇ ಕಂಬದ ಎತ್ತರದಿಂದ ಅಳೆಯಬಲ್ಲವರು ನಾವು. ಅಪ್ಪ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಸೇತುವೆಗೆ ಕರೆದುಕೊಂಡು ಹೋಗುತ್ತಿದ್ದ ಬೆಳಗುಗಳಲ್ಲಿ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಬಿದಿರಿನ ಮೆಳೆಯೊಂದು ಬೇರುಸಹಿತ ತೇಲಿ ಬಂದು ಸೇತುವೆಯ ಕಾಲಿಗೆ ತಗುಲಿ, ಒಂದು ಸುತ್ತು ಹೊಡೆದು ಮುಂದಕ್ಕೆ ಹೋಗುತ್ತಿತ್ತು. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ ಇಟ್ಟು ಬಾಗಿನ ಬಿಡಲು ಬಂದ ಹೆಂಗಸರು ಮೆಟ್ಟಿಲಿನ ಮೇಲೆ ನಿಲ್ಲುತ್ತಿದ್ದರು. ಮಂಟಪದ ನೆತ್ತಿಯಷ್ಟೇ ಕಾಣುತ್ತಿದ್ದ ಆ ಗಳಿಗೆಯಲ್ಲಿ ಜನರ ಗುಂಪು ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಿದ್ದುದು ನನಗೆ ಈಗಲೂ ಕಿವಿಯಲ್ಲಿದೆ.

ಅಲ್ಲಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಹೋದರೆ ಸಕ್ರೆಬೈಲಿನ ಆನೆ ಬಿಡಾರ. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಹೋದವರಿಗೆ ಖಾಲಿ ಬಿಡಾರ ಮಾತ್ರ ಸಿಗುತ್ತದೆ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಅವುಗಳ ಕಾಲಿನ ಸರಪಳಿ ನೆಲದಲ್ಲಿ ಎಳೆದ ಗುರುತು ಹಿಡಿದು ಮಾವುತರೂ ಅವರ ಸಹಾಯಕರಾದ ಕಾವಾಡಿಗಳೂ ಹುಡುಕಿ ತರುತ್ತಾರೆ. ಆಮೇಲೆ ತುಂಗೆಯ ಹಿನ್ನೀರಿನಲ್ಲಿ ಸ್ನಾನ. ಪಕ್ಕಕ್ಕೆ ಒರಗಿ ಮಲಗಿದ ಆನೆಯ ಸೊಂಡಿಲಿನ ತುದಿ ನೀರಿನ ಮೇಲೆ ಒಂದು ಗೇಣು ಎದ್ದು ನಿಂತು ಉಸಿರಾಡುತ್ತಿರುತ್ತದೆ. ಮಾವುತ ಕಿವಿಯನ್ನು ಎತ್ತಿ ಅದರ ಹಿಂದಿನ ಮಡಿಕೆಯನ್ನು ಉಜ್ಜುತ್ತಾನೆ, ಏನೋ ಒಂದು ಮಾತು ಆಡುತ್ತಾನೆ, ಅಷ್ಟು ದೊಡ್ಡ ಪ್ರಾಣಿ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಕಾಲೇಜಿನ ಹುಡುಗರು ಮೊಬೈಲು ಜೇಬಿಗೆ ಹಾಕಿ ಸುಮ್ಮನೆ ನಿಂತದ್ದನ್ನು ನಾನು ನೋಡಿದ ಕೆಲವೇ ಜಾಗಗಳಲ್ಲಿ ಅದೂ ಒಂದು.

ಮಧ್ಯಾಹ್ನ ಊರಿಗೆ ಮರಳಿ ಶಿವಪ್ಪ ನಾಯಕನ ಅರಮನೆಗೆ ಹೋಗಬಹುದು. ಮರದ ಕಂಬಗಳ ಈ ಕಟ್ಟಡ ಹೈದರಾಲಿಯ ಕಾಲದ್ದೆಂದು ಇತಿಹಾಸಕಾರರು ಹೇಳುತ್ತಾರೆ. ಹೆಸರು ಮಾತ್ರ 1645ರಿಂದ 1660ರವರೆಗೆ ಕೆಳದಿಯ ರಾಜ್ಯವಾಳಿದ, ನೆಲದ ಗುಣ ನೋಡಿ ಕಂದಾಯ ಗೊತ್ತುಮಾಡಿದ ದೊರೆಯದು. ಆ ಕಂದಾಯ ಪದ್ಧತಿಯನ್ನು ‘ಶಿವಪ್ಪ ನಾಯಕನ ಶಿಸ್ತು’ ಎಂದು ಹಳಬರು ಇಂದಿಗೂ ನೆನೆಯುತ್ತಾರೆ. ಒಳಗಿನ ವಸ್ತುಗಳಿಗಿಂತ ಅಂಗಳದ ವೀರಗಲ್ಲುಗಳು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುತ್ತವೆ. ಸಂಜೆಗೆ ಸುಮಾರು 15 ಕಿ.ಮೀ. ದೂರದ ಕೂಡ್ಲಿ. ತುಂಗೆ ಮತ್ತು ಭದ್ರೆ ಸೇರಿ ತುಂಗಭದ್ರೆಯಾಗುವುದು ಅಲ್ಲಿಯೇ. ಶಂಕರ ಪರಂಪರೆಯ ಮಠವೂ ಮಾಧ್ವ ಪರಂಪರೆಯ ಮಠವೂ ಒಂದೇ ಸಣ್ಣ ಊರಿನಲ್ಲಿ ಇವೆ; ಹೊಳೆಗಳೇ ಕೂಡಿದ ಮೇಲೆ ಅದರಲ್ಲಿ ಆಶ್ಚರ್ಯವೇನು! ಎರಡು ನೀರೂ ಎರಡು ಬಣ್ಣದಲ್ಲಿ ಸ್ವಲ್ಪ ದೂರ ಜೊತೆಯಾಗಿ ಹರಿಯುವುದು ಮಳೆಗಾಲದ ಕೆಲವು ದಿನಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಗಿದೆ. ಆದರೂ ಮಗನನ್ನು ರೈಲಿನಲ್ಲಿಯೇ ಕರೆತನ್ನಿ. ಭದ್ರಾವತಿಯ ನಿಲ್ದಾಣ ಬಂದಾಗ, 1918ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊರು ಇದೆಂದೂ, ಕ್ರಿಕೆಟ್ಟಿನ ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಇಲ್ಲಿಯೇ ಎಂದೂ ಹೇಳಿ. ಎರಡನೆಯ ಮಾತಿಗಾದರೂ ಅವನು ಕಿಟಕಿಯ ಹೊರಗೆ ನೋಡುತ್ತಾನೆ.

ಪ್ರಶ್ನೆ: ಜೋಗಕ್ಕೆ ಯಾವಾಗ ಹೋಗಬೇಕು? ಒಬ್ಬೊಬ್ಬರು ಒಂದೊಂದು ತಿಂಗಳು ಹೇಳುತ್ತಾರೆ.
– ಓದುಗರು, ವಿಜಯಪುರ

ಉತ್ತರ: ಹಿಂದೊಮ್ಮೆ ಉತ್ತರ ಭಾರತದ ಅತಿಥಿಗಳನ್ನು ಏಪ್ರಿಲ್ ತಿಂಗಳಲ್ಲಿ ಜೋಗಕ್ಕೆ ಕರೆದೊಯ್ದು ಮುಖಭಂಗ ಅನುಭವಿಸಿದವನು ನಾನು. ದಾರಿಯುದ್ದಕ್ಕೂ ವರ್ಣಿಸಿಕೊಂಡು ಹೋಗಿ ನಿಂತರೆ ಎದುರಿಗೆ ಕಂಡದ್ದು ಬಂಡೆಯ ಮೇಲಿನ ನಾಲ್ಕು ಒದ್ದೆ ಗೆರೆಗಳು. ಅತಿಥಿಗಳು ಸಜ್ಜನರು, ‘ಬಂಡೆ ಬಹಳ ಚೆನ್ನಾಗಿದೆ’ ಎಂದರು.

ಕಾರಣ ಇಷ್ಟು. ಜಲಪಾತದ ಮೇಲ್ಗಡೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಪೂರ್ಣಗೊಂಡ ಅಣೆಕಟ್ಟೆ ಶರಾವತಿಯನ್ನು ತಡೆದು ಹಿಡಿದಿದೆ. ಆ ನೀರು ವಿದ್ಯುತ್ತಿಗೆ ಬೇಕು. ಶರಾವತಿ ವಿದ್ಯುದಾಗಾರವೊಂದರ ಸಾಮರ್ಥ್ಯವೇ 1,035 ಮೆಗಾವಾಟ್. ಜಲಾಶಯ ಸಮುದ್ರಮಟ್ಟದಿಂದ 1,819 ಅಡಿಯ ಪೂರ್ಣಮಟ್ಟದ ಹತ್ತಿರಕ್ಕೆ ಬಂದು ಗೇಟು ತೆರೆದಾಗಷ್ಟೇ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರು ಎತ್ತರದಿಂದ ತುಂಬಿ ಧುಮುಕುತ್ತವೆ. ಉಳಿದ ಮಳೆಗಾಲದ ದಿನಗಳಲ್ಲಿ ಕಾಣುವುದು ಅಣೆಕಟ್ಟೆಯ ಕೆಳಗಿನ ಹಳ್ಳಕೊಳ್ಳಗಳ ನೀರು, ಅದೂ ಕಡಿಮೆಯೇನಲ್ಲ. ಜುಲೈನಲ್ಲಿ ನೀರು ಇರುತ್ತದೆ, ಆದರೆ ಮಂಜು ಕಣಿವೆಯನ್ನು ಮುಚ್ಚಿ ಸದ್ದನ್ನು ಮಾತ್ರ ಕೇಳಿಸುತ್ತದೆ. ಅಂಥ ದಿನ ವಾಪಸು ಹೊರಡಬೇಡಿ. ಒಂದು ಬಿಸಿ ಬೋಂಡ, ಒಂದು ಚಹಾ ಮುಗಿಯುವಷ್ಟರಲ್ಲಿ ಗಾಳಿ ಬೀಸಿ ಪರದೆ ಸರಿಯುತ್ತದೆ, ಎರಡು ನಿಮಿಷದಲ್ಲಿ ಮತ್ತೆ ಮುಚ್ಚುತ್ತದೆ. ನನ್ನ ಆಯ್ಕೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ.

ಅಕ್ಟೋಬರಿಗೆ ಬಂದರೆ ಇನ್ನೊಂದು ಲಾಭವಿದೆ. ಆಶ್ವಯುಜದ ಹುಣ್ಣಿಮೆಯನ್ನು ಮಲೆನಾಡಿನವರು ಭೂಮಿ ಹುಣ್ಣಿಮೆ ಎಂದು ಆಚರಿಸುತ್ತಾರೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ಬಸಿರಾಗಿರುತ್ತದೆ. ಬಸುರಿಗೆ ಬಯಕೆಯ ಊಟ ಬಡಿಸಬೇಕಲ್ಲವೆ? ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮುನ್ನ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಭತ್ತದ ಬುಡಕ್ಕೆ ಪೂಜೆ ಮಾಡಿ ಎಡೆಯನ್ನು ಬೆಳೆಗೆ ಬೀರಿ ಬರುತ್ತಾರೆ. ಇದು ಟಿಕೆಟ್ಟಿನ ಪ್ರದರ್ಶನವಲ್ಲ, ಮನೆಯ ಹಬ್ಬ. ಯಾರಾದರೂ ಕರೆದರೆ ಮಾತ್ರ ಹೋಗಿ. ಪರಿಚಯವಾದರೆ ಕರೆಯದೇ ಇರುವವರು ಅಲ್ಲಿ ಕಡಿಮೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಶಿವಮೊಗ್ಗ ಜಿಲ್ಲೆಗೆ ಕರೆತರುವ ಆಲೋಚನೆಯಿದೆ. ಜಲಪಾತ, ಸಫಾರಿಗಳ ಹೊರತಾಗಿ ಕಲಿಯುವಂಥದ್ದು ಇದೆಯೇ?
– ಸಮಾಜ ವಿಜ್ಞಾನ ಶಿಕ್ಷಕರು, ರಾಯಚೂರು ಜಿಲ್ಲೆ

ಉತ್ತರ: ಇದೆ ಗುರುಗಳೇ, ಒಂದು ತಾಲ್ಲೂಕಿನಲ್ಲಿಯೇ ಒಂದು ದಿನಕ್ಕೆ ಮಿಗಿಲಾಗುವಷ್ಟಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ 5ನೆಯ ಶತಮಾನದ ಕಲ್ಲುಕಂಬವಿದೆ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ, ಅವಮಾನ ನುಂಗಲಾರದೆ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಕಥೆಯನ್ನು ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಅದರ ಮೇಲೆ ಬರೆದಿದ್ದಾನೆ. ಪಠ್ಯಪುಸ್ತಕದಲ್ಲಿ ಅರ್ಧ ಪುಟದಲ್ಲಿ ಮುಗಿಯುವ ಆ ಜಗಳ, ಕಂಬದ ಪಕ್ಕದಲ್ಲಿ ನಿಂತು ಹೇಳಿದರೆ ಮಕ್ಕಳಿಗೆ ನಿನ್ನೆ ನಡೆದದ್ದರಂತೆ ಕೇಳುತ್ತದೆ. ಹತ್ತಿರದಲ್ಲಿಯೇ ಬಳ್ಳಿಗಾವೆ, ಅಲ್ಲಿ ಕೇದಾರೇಶ್ವರ, ತ್ರಿಪುರಾಂತಕ ದೇಗುಲಗಳ ಜೊತೆಗೆ 1047ರ ಗಂಡಭೇರುಂಡ ಸ್ತಂಭವಿದೆ. ಸರ್ಕಾರಿ ಕಾಗದಗಳ ತಲೆಯ ಮೇಲೆ ಮಕ್ಕಳು ದಿನವೂ ಕಾಣುವ ಜೋಡಿ ತಲೆಯ ಹಕ್ಕಿಯನ್ನು ಅಲ್ಲಿ ಕತ್ತೆತ್ತಿ ನೋಡಬಹುದು. ಅಲ್ಲಮಪ್ರಭು ಬಳ್ಳಿಗಾವೆಯವನು, ಅಕ್ಕಮಹಾದೇವಿ ಅದೇ ತಾಲ್ಲೂಕಿನ ಉಡುತಡಿಯವಳು.

ಆದರೆ ನಿಮ್ಮ ಮಕ್ಕಳ ವಯಸ್ಸಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಈಸೂರು. 1942ರಲ್ಲಿ ಈ ಹಳ್ಳಿಯವರು ತಮ್ಮದು ಸ್ವತಂತ್ರ ಗ್ರಾಮವೆಂದು ಸಾರಿ, ತಮ್ಮದೇ ಸರ್ಕಾರ ಮಾಡಿಕೊಂಡರು. ಅಮಲ್ದಾರನಾಗಿ, ಸಬ್ ಇನ್ಸ್‌ಪೆಕ್ಟರನಾಗಿ ಅವರು ಆರಿಸಿದ್ದು ಇಬ್ಬರು ಬಾಲಕರನ್ನು. ಎಳೆಯರನ್ನು ಜೈಲಿಗೆ ಹಾಕುವಂತಿಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಮುಂದೆ ಗಲಭೆಯಾಗಿ ಮೈಸೂರು ಸರ್ಕಾರದ ಇಬ್ಬರು ಅಧಿಕಾರಿಗಳು ಸತ್ತರು, ಊರು ದಮನಕ್ಕೆ ಗುರಿಯಾಯಿತು, 1943ರಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆಯನ್ನು ಮಕ್ಕಳು ಬಸ್ಸಿನಲ್ಲಿ ಕೂಗುತ್ತಾ ಹೋಗುವುದಕ್ಕೆ ಅಡ್ಡಿಯಿಲ್ಲ. ಹುತಾತ್ಮರ ಸ್ಮಾರಕದ ಮುಂದೆ ಮಾತ್ರ ಐದು ಸಾವುಗಳನ್ನೂ, ಆ ಇಬ್ಬರು ಅಧಿಕಾರಿಗಳ ಸಾವನ್ನೂ ಸೇರಿಸಿಯೇ ಹೇಳಬೇಕೆಂದು ನನ್ನ ಕೋರಿಕೆ.

ಪ್ರಶ್ನೆ: ಡಿಸೆಂಬರಿನಲ್ಲಿ ಎಪ್ಪತ್ತೈದು ದಾಟಿದ ತಾಯಿಯವರೊಂದಿಗೆ ಬರುತ್ತಿದ್ದೇವೆ. ಅವರಿಗೆ ಹತ್ತಿ ಇಳಿಯುವುದು ಕಷ್ಟ, ಓದುವ ಹವ್ಯಾಸವಿದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಕೊಡಚಾದ್ರಿ, ಕವಲೇದುರ್ಗಗಳನ್ನು ಈ ಬಾರಿಗೆ ಬಿಡಿ. ತೀರ್ಥಹಳ್ಳಿಯಲ್ಲಿ ಉಳಿದುಕೊಂಡು ಕುಪ್ಪಳಿಗೆ ಹೋಗಿ. ಕುವೆಂಪು ಬೆಳೆದ ತೊಟ್ಟಿಯ ಮನೆಯ ಜಗಲಿಯಲ್ಲಿ ತಾಯಿಯವರು ಕುಳಿತಿರಲಿ. ಅವರ ಓದಿನಲ್ಲಿ ಬಂದ ಬಾಣಂತಿ ಕೋಣೆ, ಅಡುಗೆಮನೆ, ಒಳ ಅಂಗಳ ಎಂದರೆ ಏನೆಂಬುದು ಅಲ್ಲಿ ಕೈಗೆ ಎಟಕುತ್ತದೆ. ಕವಿಶೈಲಕ್ಕೆ ಹತ್ತಲೇಬೇಕೆಂದೇನಿಲ್ಲ. ಯು.ಆರ್. ಅನಂತಮೂರ್ತಿ ಹುಟ್ಟಿದ ಮೇಳಿಗೆಯೂ ಅದೇ ತಾಲ್ಲೂಕು. ಎರಡು ಜ್ಞಾನಪೀಠಗಳ ನಡುವೆ ಅಡಿಕೆ ತೋಟಗಳಷ್ಟೇ ಇವೆ. ಸಾಗರದ ಕಡೆಗೆ ತಿರುಗುವ ಮನಸ್ಸಿದ್ದರೆ, 1949ರಲ್ಲಿ ಆರಂಭವಾದ ನೀನಾಸಮ್ ರಂಗಸಂಸ್ಥೆಯ ಹೆಗ್ಗೋಡು ಇದೆ. ಹಳ್ಳಿಯ ರಂಗಮಂದಿರದಲ್ಲಿ ಅಂದು ನಾಟಕವಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಿ.

ಡಿಸೆಂಬರ್ ಅಡಿಕೆ ಕೊಯ್ಲಿನ ಕಾಲ. ಸಂಜೆ ಯಾವುದಾದರೂ ಮನೆಯ ಮುಂದೆ ಹೆಂಗಸರು ಸಾಲಾಗಿ ಕುಳಿತು, ಮೆಟ್ಟುಗತ್ತಿಯ ಮೇಲೆ ಹಸಿ ಅಡಿಕೆ ಸುಲಿಯುವುದು ಕಂಡರೆ ಕಾರು ನಿಲ್ಲಿಸಿ. ಬೇಯಿಸುವ ಹಂಡೆಯಿಂದ ಏಳುವ ಚೊಗರಿನ ವಾಸನೆ ಮೊದಲ ಸಲಕ್ಕೆ ಒಗರು ಎನ್ನಿಸಬಹುದು. ಊರು ಬಿಟ್ಟ ನಮ್ಮಂಥವರಿಗೆ ಆ ವಾಸನೆಯೊಂದೇ ರೈಲಿನ ಟಿಕೆಟ್ಟು ತೆಗೆಸುತ್ತದೆ.

ಪ್ರಶ್ನೆ: ಮಲೆನಾಡಿಗೆ ಬಂದರೆ ಜಿಗಣೆ ಕಚ್ಚುತ್ತದೆ, ಮಂಗನ ಕಾಯಿಲೆ ಬರುತ್ತದೆ ಎಂದು ಮನೆಯವರು ಹೆದರಿಸುತ್ತಿದ್ದಾರೆ.
– ಓದುಗರು, ಕೋಲಾರ

ಉತ್ತರ: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮಳೆಗಾಲದ ಜಿಗಣೆಯನ್ನು ನಾವು ಇಂಬಳ ಎನ್ನುತ್ತೇವೆ. ಅದು ರಕ್ತ ಹೀರುತ್ತದೆ, ರಕ್ತ ಬೇಗ ಹೆಪ್ಪುಗಟ್ಟದಂತೆ ಮಾಡುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೆ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ. ಮಂಗನ ಕಾಯಿಲೆಯ ವಿಷಯ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆಯನ್ನು ಹರಡುವುದು ಉಣುಗು, ಅಂದರೆ ಉಣ್ಣೆ ಹುಳು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಟ ಹೆಚ್ಚು. ಆ ತಿಂಗಳುಗಳಲ್ಲಿ ಉದುರಿದ ಒಣ ಎಲೆಗಳ ದರಗಿನ ಮೇಲೆ ಕೂರುವುದು, ಮಲಗುವುದು ಬೇಡ. ಮಂಗ ಸತ್ತು ಬಿದ್ದ ಸುದ್ದಿಯಿರುವ ಕಾಡಿನ ಕಡೆ ಹೋಗಲೇಬೇಡಿ. ಮೈತುಂಬ ಬಟ್ಟೆ ಧರಿಸಿ, ವಸತಿಗೆ ಮರಳಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿಬಂದದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಪೇಟೆ, ರಸ್ತೆ, ದೇವಾಲಯಗಳಲ್ಲಿ ಓಡಾಡುವವರು ಹೆದರುವ ಕಾರಣವಿಲ್ಲ.

ಪ್ರಶ್ನೆ: ಎಲ್ಲರೂ ಹಸಿರು, ಮಳೆ, ಹಿನ್ನೀರಿನ ಸೊಬಗು ಎಂದು ಬರೆಯುತ್ತೀರಿ. ಆ ಹಿನ್ನೀರಿನ ತಳದಲ್ಲಿ ನನ್ನ ಅಜ್ಜನ ಮನೆಯಿದೆ. ನಾವು ಊರನ್ನು ಪ್ರೀತಿಸುವುದಕ್ಕೆ ಕಾರಣ ಕೊಡಿ ನೋಡೋಣ.
– ಓದುಗರು, ಸಾಗರ

ಉತ್ತರ: ನಿಮಗೆ ಕಾರಣ ಕೊಡುವ ಅರ್ಹತೆ ನನಗಿಲ್ಲ. ನಮ್ಮ ಓಣಿಯಲ್ಲಿ ದೀಪ ಉರಿದದ್ದು ನಿಮ್ಮ ಅಜ್ಜನ ಮನೆ ಮುಳುಗಿದ್ದರಿಂದ. ಶರಾವತಿಯ ಮುಳುಗಡೆಯ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ, ತಂದು ಬಿಟ್ಟ ನೆಲದ ಹಕ್ಕುಪತ್ರ ಮೂರನೆಯ ತಲೆಮಾರಿಗೂ ಕೈಸೇರಿಲ್ಲ. ದ್ವೀಪದಂತಾದ ತುಮರಿ ಸೀಮೆಯ ಜನ ಹೆರಿಗೆಗೂ, ಆಸ್ಪತ್ರೆಗೂ ಹೊಳೆಬಾಗಿಲಿನ ಲಾಂಚಿಗಾಗಿ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು, ಲಿಂಗನಮಕ್ಕಿಯಾಗಿ ಆರು ದಶಕಗಳ ಮೇಲೆ. ಸಿಗಂದೂರಿನ ದೇವಸ್ಥಾನಕ್ಕೆ ಹೋಗುವ ಪ್ರವಾಸಿಗರು ಸೇತುವೆಯ ಮೇಲೆ ಚಿತ್ರ ತೆಗೆದುಕೊಳ್ಳುತ್ತಾರೆ. ಅವರಲ್ಲಿ ಒಬ್ಬರಾದರೂ ತುಮರಿಯಲ್ಲಿ ಚಹಾಕ್ಕೆ ನಿಂತು, ಲಾಂಚಿನ ಕಾಲದ ಒಂದು ರಾತ್ರಿಯ ಕಥೆ ಕೇಳಿಸಿಕೊಂಡು ಹೋಗಲಿ ಎಂಬುದು ನನ್ನ ಆಸೆ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ, 1948ರ ಹಿರೇಭಾಸ್ಕರ ಅಣೆಕಟ್ಟೆ ಮೇಲೆದ್ದು ಕಾಣುತ್ತದೆ. ನಿಮ್ಮ ಅಜ್ಜನ ಊರಿನ ಗುರುತೂ ಹಾಗೆ ಕಾಣುವುದಾದರೆ, ನೀವು ಒಪ್ಪಿದರೆ, ಒಮ್ಮೆ ನಿಮ್ಮ ಜೊತೆ ಬರುತ್ತೇನೆ. ಪತ್ರ ಬರೆಯಿರಿ.

ಪ್ರಶ್ನೆ: ವಾಪಸು ಹೋಗುವಾಗ ಏನು ಕೊಂಡೊಯ್ಯಬೇಕು?
– ಓದುಗರು, ಮಂಡ್ಯ

ಉತ್ತರ: ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ. ಮಿಡಿ ಇಡಿಯಾಗಿರಬೇಕು, ಹೋಳು ಮಾಡಿದ್ದು ಬೇಡ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ಕು ಕಟ್ಟಿಸಿಕೊಳ್ಳಿ, ಇಲ್ಲದಿದ್ದರೆ ಬಟ್ಟೆಬರೆಗೂ ಉಪ್ಪಿನಕಾಯಿಯ ರುಚಿ ತಗುಲುತ್ತದೆ. ಸಾಗರದ ಕಡೆ ಹೋದರೆ ತೊಡೆದೇವು. ಬೋರಲು ಹಾಕಿದ ಬಿಸಿ ಮಡಕೆಯ ಬೆನ್ನಿಗೆ ಕಬ್ಬಿನಹಾಲು ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ತೊಡೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸಿ ಮಡಿಸಿದ್ದು ಅದು. ತಿನ್ನುವ ಮೊದಲು ಮೇಲೆ ಬಿಸಿ ಹಾಲು ಮತ್ತು ತುಪ್ಪ ಹನಿಸಿಕೊಳ್ಳಬೇಕು. ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಡಿ. ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಮಂಡ್ಯದವರೆಗೆ ಅರ್ಧದಷ್ಟಾದರೂ ಪುಡಿಯಾಗದೆ ತಲುಪುತ್ತದೆ.